ಅಕ್ಟೋಬರ್ ಕೊನೆಯಲ್ಲಿ ರೋಮಿಗೆ ನಾಲ್ಕು ರಾತ್ರಿ: ವಿಮಾನ, ವೀಸಾ ಮತ್ತು ಮಂಡಿನೋವಿನ ಲೆಕ್ಕಾಚಾರ

ಇಕ್ಕೇರಿ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಸಮೀಪದ ಊರಿನವನು. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿ, ಈಗ ಅಡಿಕೆ ತೋಟ ನೋಡಿಕೊಂಡು ಇದ್ದೇನೆ. ಮಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. 2026ರ ಅಕ್ಟೋಬರ್ ಮೊದಲ ವಾರ ನಾನೂ ನನ್ನ ಪತ್ನಿಯೂ ಅವನಲ್ಲಿಗೆ ಹೋಗಿ, ಮೂರು ವಾರ ಇದ್ದು, ದೀಪಾವಳಿಗೆ ಮುಂಚೆ ಊರು ಸೇರಬೇಕೆಂದಿದ್ದೇವೆ. ಮಲೆನಾಡಿನವರಿಗೆ ಅದೇ ದೊಡ್ಡಹಬ್ಬವಾದ್ದರಿಂದ ಆ ವಿಷಯದಲ್ಲಿ ಮಾತ್ರ ರಾಜಿಯಿಲ್ಲ.

ಈ ಪ್ರವಾಸದಲ್ಲಿಯೇ ರೋಮ್ ನಗರವನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಅಕ್ಟೋಬರ್ 29ರ ಗುರುವಾರ ಸಂಜೆ ಅಲ್ಲಿ ಇಳಿದು ನವೆಂಬರ್ 2ರ ಸೋಮವಾರ ಹೊರಡುವುದೆಂದು ಲೆಕ್ಕ ಹಾಕಿದ್ದೇನೆ. ಆ ದಿನಗಳನ್ನು ಬದಲಿಸಿ ಬೆಂಗಳೂರಿನಿಂದ ಹೋಗುವಾಗಲೇ ರೋಮ್ ಮುಗಿಸಿಕೊಂಡು ಮಗನ ಮನೆಗೆ ಹೋಗುವುದು ಒಳ್ಳೆಯದೋ, ಅಥವಾ ಅಲ್ಲಿಂದ ಹೋಗಿಬರುವುದು ಒಳ್ಳೆಯದೋ ತಿಳಿಯುತ್ತಿಲ್ಲ. ಎರಡು ದೇಶಗಳಿಗೆ ಎರಡು ವೀಸಾ ಬೇಕೇ? ನನಗೆ ಅರವತ್ತಾರು, ಅವಳಿಗೆ ಅರವತ್ತೊಂದು; ಅವಳಿಗೆ ಮಂಡಿನೋವು ಇದೆ. ಇಬ್ಬರೂ ಮೊಟ್ಟೆಯನ್ನೂ ತಿನ್ನುವವರಲ್ಲ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಮಿಲಾನ್ ಮಂಡ್ಯ
ಮೇಷ್ಟ್ರೇ, ಒಂಬತ್ತು ವರ್ಷಗಳಿಂದ ಇಟಲಿಯಲ್ಲಿರುವವನಾಗಿ ಮೊದಲು ವೀಸಾದ ಗೊಂದಲವನ್ನು ಬಿಡಿಸುತ್ತೇನೆ. ಜರ್ಮನಿ ಮತ್ತು ಇಟಲಿ ಎರಡೂ ಷೆಂಗೆನ್ ಎಂಬ ಯುರೋಪಿನ ಸಾಮಾನ್ಯ ವೀಸಾ ವಲಯದಲ್ಲಿರುವುದರಿಂದ ಒಂದೇ ವೀಸಾ ಸಾಕು. ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ನಿಮ್ಮ ವಿಷಯದಲ್ಲಿ ಅದು ಜರ್ಮನಿ. ಶುಲ್ಕವು 2024ರ ಜೂನ್‌ನಿಂದ 90 ಯೂರೊ ಆಗಿದೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಸ್ವೀಕರಿಸುತ್ತಾರೆ, ಹದಿನೈದು ದಿನಕ್ಕಿಂತ ತಡವಾಗಿ ಹೋದರೆ ಸ್ವೀಕರಿಸುವುದಿಲ್ಲ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೊಗಳಷ್ಟಿರಬೇಕು ಮತ್ತು ನೀವು ಹಿಂತಿರುಗುವ ದಿನದಿಂದ ಮುಂದಕ್ಕೆ ಇನ್ನೂ ಮೂರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಅರ್ಜಿಯ ಜೊತೆಗಿಡುವ ಪ್ರವಾಸ ವಿವರದಲ್ಲಿ ರೋಮಿನ ನಾಲ್ಕು ರಾತ್ರಿಗಳನ್ನು ಮುಚ್ಚಿಡದೆ ಬರೆಯಿರಿ.

ಅದಿರಲಿ, ಇಡೀ ಯುರೋಪಿನಲ್ಲಿ ನಿಮಗೆ ರೋಮ್ ಒಂದೇ ಏಕೆ ಬೇಕಾಯಿತು?

ಬಸವನಗುಡಿ ಬೀದಿ
ರೋಮನ್ನು ನಾಲ್ಕು ರಾತ್ರಿಯಲ್ಲಿ ನೋಡಲಾಗುವುದಿಲ್ಲ. ಸುಮ್ಮನೆ ಹಣ ಕಳೆಯಬೇಡಿ.

ಲೆಕ್ಕದ ಅಕ್ಕ
ಹಾಗಾದರೆ ಹಂಪಿಯನ್ನು ಒಂದೇ ದಿನದಲ್ಲಿ ನೋಡಿ ಬರುವ ಬೆಂಗಳೂರಿನವರಿಗೆ ನೀವು ಏನು ಹೇಳುತ್ತೀರಿ? ಊರಿನಲ್ಲಿ ಏನೇನಿದೆಯೋ ಎಲ್ಲವನ್ನೂ ನೋಡಿಬಿಡುತ್ತೇವೆಂದು ಮೇಷ್ಟ್ರು ಹೇಳಿಯೇ ಇಲ್ಲವಲ್ಲ.

ಬಸವನಗುಡಿ ಬೀದಿ
ಅಕ್ಕಾ, ನಾನು ಹೇಳಿದ್ದರ ಅರ್ಥ ಅದಲ್ಲ. ಅಷ್ಟು ದೂರ ಹೋದ ಮೇಲೆ ಫ್ಲಾರೆನ್ಸ್, ವೆನಿಸ್ ಎರಡನ್ನೂ ಸೇರಿಸಿ ಎಂಟು ದಿನ ಇಟ್ಟುಕೊಳ್ಳಬಹುದಲ್ಲ ಎಂದು ಹೇಳಲು ಹೊರಟಿದ್ದೆ.

ಇಕ್ಕೇರಿ ಮೇಷ್ಟ್ರು
ಮಂಡ್ಯದವರು ಕೇಳಿದ್ದಕ್ಕೆ ಉತ್ತರ ಹೇಳಿದರೆ ಬಸವನಗುಡಿಯವರಿಗೂ ಉತ್ತರ ಸಿಗಬಹುದು. 1623ರ ನವೆಂಬರ್‌ನಲ್ಲಿ ಪಿಯೆತ್ರೊ ಡೆಲ್ಲಾ ವಾಲ್ಲೆ ಎಂಬ ರೋಮಿನ ಶ್ರೀಮಂತ ಮನೆತನದ ಪ್ರವಾಸಿಯೊಬ್ಬ, ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆಯಲ್ಲಿ ನಮ್ಮ ಇಕ್ಕೇರಿಗೆ ಬಂದಿದ್ದ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ. ದಾರಿಯಲ್ಲಿ ಒಂದು ಗುಡಿಯ ಮುಖಮಂಟಪದಲ್ಲಿ ಪುಟ್ಟ ಹುಡುಗರು ನೆಲದ ಮೇಲೆ ನುಣುಪಾದ ಮರಳು ಹರಡಿಕೊಂಡು, ರಾಗವಾಗಿ ಹೇಳುತ್ತ, ಹೇಳಿದ್ದನ್ನೇ ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು, ಅದನ್ನು ತನ್ನ ಪತ್ರದಲ್ಲಿ ಬಹಳ ವಿವರವಾಗಿ ಬರೆದಿದ್ದಾನೆ. ಮರಳು ತುಂಬಿಹೋದಾಗ ಅಳಿಸಿ, ಹೊಸ ಮರಳು ಹರಡಿ, ಮತ್ತೆ ಬರೆಯುತ್ತಿದ್ದರಂತೆ. ನಾನು ಮೂವತ್ತೊಂದು ವರ್ಷವೂ ಏಳನೆಯ ಶತಮಾನದ ಚೀನೀ ಯಾತ್ರಿಕನ ಬಗ್ಗೆ ಪರೀಕ್ಷೆಗೆ ಪ್ರಶ್ನೆ ಕೊಟ್ಟೆನೇ ಹೊರತು, ನಮ್ಮ ಊರಿನ ಹುಡುಗರನ್ನು ಕುಳಿತು ನೋಡಿದ ಈ ಮನುಷ್ಯನ ಹೆಸರನ್ನು ತರಗತಿಯಲ್ಲಿ ಹೇಳಿದ್ದು ಎರಡೋ ಮೂರೋ ಸಲ.

ಆತ 1652ರಲ್ಲಿ ರೋಮಿನಲ್ಲಿ ತೀರಿಕೊಂಡ. ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಚರ್ಚಿನಲ್ಲಿ ಅವನನ್ನು ಮಣ್ಣು ಮಾಡಿದ್ದಾರೆ. ಅವನು ನಮ್ಮಲ್ಲಿಗೆ ಬಂದುಹೋಗಿ ನಾನೂರು ವರ್ಷ ದಾಟಿತು. ಇಕ್ಕೇರಿ ಕಡೆಯಿಂದ ಯಾರಾದರೂ ಒಮ್ಮೆ ಮರುಭೇಟಿ ಕೊಡುವುದು ಮರ್ಯಾದೆಯಲ್ಲವೇ? ನನಗೆ ವೆನಿಸ್ ಬೇಡ.

ಕುಡ್ಲದವಳು
ಮಾಸ್ಟ್ರೇ, ಆತ ಇಕ್ಕೇರಿಯಿಂದ ನೇರವಾಗಿ ಮನೆಗೆ ಹೋದವನಲ್ಲ. ನಮ್ಮ ಮಂಗಳೂರಿಗೂ ಬಂದು ಉಳ್ಳಾಲದ ರಾಣಿಯನ್ನು ಕಂಡಿದ್ದಾನೆ. ರಾಣಿ ಬರಿಗಾಲಿನಲ್ಲಿ ನಡೆದುಕೊಂಡು, ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದಾಗ ದಾರಿಯಲ್ಲಿಯೇ ಭೇಟಿಯಾದದ್ದನ್ನು ಬರೆದಿದ್ದಾನೆ. ಆದ್ದರಿಂದ ಮರುಭೇಟಿಯಲ್ಲಿ ನಮ್ಮದೂ ಅರ್ಧ ಪಾಲಿದೆ.

ಇಕ್ಕೇರಿ ಮೇಷ್ಟ್ರು
ಖಂಡಿತ ಒಪ್ಪಿದೆ, ತಾಯಿ. ನಿಮ್ಮ ಪಾಲಿನ ನಮಸ್ಕಾರವನ್ನೂ ಸಲ್ಲಿಸಿ ಬರುತ್ತೇನೆ.

ದುರ್ಗದ ಕಲ್ಲು
ರೋಮಿನ ನಂಟು ಹೇಳುವುದಾದರೆ ನಮ್ಮ ಚಿತ್ರದುರ್ಗವನ್ನು ಮರೆಯುವ ಹಾಗಿಲ್ಲ. ಚಂದ್ರವಳ್ಳಿಯ ಉತ್ಖನನದಲ್ಲಿ ಶಾತವಾಹನರ ಕಾಲದ ಪದರಗಳಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ನಿಮ್ಮ ಪಿಯೆತ್ರೊನಿಗಿಂತ ಸಾವಿರದ ಆರುನೂರು ವರ್ಷ ಹಿಂದಿನ ಮಾತು ಅದು.

ಲೆಕ್ಕದ ಅಕ್ಕ
ಯಾರ ಊರು ರೋಮಿಗೆ ಮೊದಲು ಪರಿಚಯವಾಯಿತೆಂಬ ವಾದವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ, ಈಗ ಟಿಕೆಟ್ಟಿನ ವಿಷಯಕ್ಕೆ ಬರೋಣ. ಬೆಂಗಳೂರಿನಿಂದ ರೋಮಿಗೆ ನೇರ ವಿಮಾನವಿಲ್ಲ; ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್ ಇವುಗಳಲ್ಲಿ ಎಲ್ಲಾದರೂ ಬದಲಾಯಿಸಲೇಬೇಕು. ಸರ್, ನೀವು ಎರಡು ದಾರಿ ಹೇಳಿದ್ದೀರಿ. ನಾನು ಮೂರನೆಯದನ್ನು ಹೇಳುತ್ತೇನೆ. ಹೋಗುವಾಗ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಮಗನ ಮನೆ ಸೇರಿಕೊಳ್ಳಿ. ಕೊನೆಯಲ್ಲಿ ರೋಮಿಗೆ ಹೋಗಿ, ರೋಮಿನಿಂದಲೇ ಬೆಂಗಳೂರಿಗೆ ಹೊರಡಿ. ಟಿಕೆಟ್ ತೆಗೆಯುವಾಗ ‘ಮಲ್ಟಿ ಸಿಟಿ’ ಎಂಬ ಆಯ್ಕೆಯಲ್ಲಿ ಹೋಗುವ ಪ್ರಯಾಣಕ್ಕೆ ಒಂದು ಊರು, ಬರುವ ಪ್ರಯಾಣಕ್ಕೆ ಇನ್ನೊಂದು ಊರು ಹಾಕಿದರೆ ಎರಡೂ ಒಂದೇ ಟಿಕೆಟ್ಟಿನಲ್ಲಿ ಬರುತ್ತವೆ. ರೋಮಿನಿಂದ ಸ್ಟುಟ್‌ಗಾರ್ಟ್‌ಗೆ ವಾಪಸು ಹೋಗುವ ಖರ್ಚೂ ಒಂದು ಇಡೀ ದಿನವೂ ಉಳಿಯುತ್ತವೆ. ಎರಡು ಏಕಮುಖ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ತೆಗೆಯಲು ಹೋಗಬೇಡಿ, ಬಹಳ ಸಲ ಅದು ದುಬಾರಿಯಾಗುತ್ತದೆ.

ಬಸವನಗುಡಿ ಬೀದಿ
ಹೀಗೆ ಮಾಡಿದರೆ ಇಡೀ ಮನೆಯ ಪೆಟ್ಟಿಗೆಗಳನ್ನು ರೋಮಿನ ಕಲ್ಲುಹಾಸಿನ ಮೇಲೆ ಎಳೆದುಕೊಂಡು ಓಡಾಡಬೇಕು. ವಯಸ್ಸಾದವರಿಗೆ ಇದು ಆಗುವ ಕೆಲಸವಲ್ಲ. ಭಾರವನ್ನೆಲ್ಲ ಮಗನ ಮನೆಯಲ್ಲಿ ಬಿಟ್ಟು, ಒಂದು ಕೈಚೀಲ ಹಿಡಿದು ಹೋಗಿಬರುವುದೇ ಕ್ಷೇಮ.

ಲೆಕ್ಕದ ಅಕ್ಕ
ಮಗನ ಮನೆಗೆ ಹೋಗುವಾಗ ಪೆಟ್ಟಿಗೆಯಲ್ಲಿ ಇರುವುದು ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ. ಮೂರು ವಾರದ ನಂತರ ಅದರಲ್ಲಿ ಉಳಿಯುವುದು ಖಾಲಿ ಡಬ್ಬಿ. ನಾನು ಮಗಳ ಬಾಣಂತನಕ್ಕೆ ಹೋಗಿ ಬಂದವಳು. ಹೋಗುವಾಗ ನಲವತ್ತಾರು ಕೆಜಿ ಇದ್ದದ್ದು ಬರುವಾಗ ಇಪ್ಪತ್ತೂ ಇರಲಿಲ್ಲ. ಒಂದು ಪೆಟ್ಟಿಗೆಯೊಳಗೆ ಇನ್ನೊಂದನ್ನು ಇಟ್ಟುಕೊಂಡು ಬಂದೆ.

ರಾತ್ರಿರೈಲು
ವಿಮಾನವೇ ಆಗಬೇಕೆಂದೇನಿಲ್ಲ. ಮ್ಯೂನಿಕ್‌ನಿಂದ ರೋಮಿಗೆ ರಾತ್ರಿ ರೈಲು ಇದೆ, ಮಲಗುವ ಬೋಗಿಗಳಿವೆ. ಸ್ಟುಟ್‌ಗಾರ್ಟ್‌ನಿಂದ ಮ್ಯೂನಿಕ್‌ಗೆ ರೈಲಿನಲ್ಲಿ ಎರಡು ಎರಡೂವರೆ ಗಂಟೆ ಅಷ್ಟೇ. ನಾವು ರಾತ್ರಿ ಮಲಗಿದ್ದು ಆಲ್ಪ್ಸ್ ಕಡೆಯ ಚಳಿಯಲ್ಲಿ, ಬೆಳಿಗ್ಗೆ ಪರದೆ ಸರಿಸಿದಾಗ ಕಿಟಕಿಯ ಹೊರಗೆ ಇಟಲಿಯ ಬಿಸಿಲು. ಪೆಟ್ಟಿಗೆ ತೂಗುವವರಿಲ್ಲ, ನೀರಿನ ಬಾಟಲಿ ಕಸಿಯುವವರಿಲ್ಲ.

ಬಸವನಗುಡಿ ಬೀದಿ
ಮಂಡಿನೋವಿನವರನ್ನು ಮೇಲಿನ ಬರ್ತಿಗೆ ಹತ್ತಿಸುತ್ತೀರಾ?

ರಾತ್ರಿರೈಲು
ಕೆಳಗಿನ ಬರ್ತ್ ಎಂಬುದೂ ಒಂದಿರುತ್ತದೆ, ಸ್ವಾಮಿ. ಬೇಗ ಕಾಯ್ದಿರಿಸಬೇಕು, ಅಷ್ಟೇ.

ಮಿಲಾನ್ ಮಂಡ್ಯ
ನನ್ನ ಮತ ಅಕ್ಕನವರ ಮೂರನೆಯ ದಾರಿಗೆ. ಆದರೆ ಒಂದು ಎಚ್ಚರಿಕೆ. ಸ್ಟುಟ್‌ಗಾರ್ಟ್‌ನಿಂದ ರೋಮಿಗೆ ಅಗ್ಗದ ವಿಮಾನ ಹಿಡಿದರೆ, ಟಿಕೆಟ್ ತೆಗೆಯುವಾಗಲೇ ಪೆಟ್ಟಿಗೆಗೂ ಹಣ ಕಟ್ಟಿಬಿಡಿ. ಒಂದು ವಿಮಾನ ಸಂಸ್ಥೆಯವರು ನನ್ನ ಚೀಲವನ್ನು ವಿಮಾನ ಹತ್ತುವ ಬಾಗಿಲಿನಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ತುರುಕಿಸಿದರು. ಚಕ್ರ ಎರಡು ಬೆರಳಿನಷ್ಟು ಹೊರಗೆ ಉಳಿಯಿತು. ಟಿಕೆಟ್ಟಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಹಣವನ್ನು ಆ ಎರಡು ಬೆರಳಿಗೆ ಕೊಟ್ಟು ಬಂದೆ.

ಇನ್ನೊಂದು ವಿಷಯ. ಮೊದಲು ರೋಮು, ಆಮೇಲೆ ಮಗನ ಮನೆ ಎಂಬ ಯೋಚನೆಯನ್ನು ಬಿಟ್ಟುಬಿಡಿ. ರಾತ್ರಿಯೆಲ್ಲ ಎಚ್ಚರವಿದ್ದು ಇಳಿದವರಿಗೆ ಮೊದಲ ಎರಡು ದಿನ ಮಧ್ಯಾಹ್ನ ಮೂರಕ್ಕೇ ಕಣ್ಣು ಎಳೆಯುತ್ತದೆ. ನಾಲ್ಕರಲ್ಲಿ ಎರಡು ದಿನ ಹಾಗೆಯೇ ಕಳೆದುಹೋಗುತ್ತವೆ. ಮಗನ ಮನೆಯಲ್ಲಿ ಮೂರು ವಾರ ಇದ್ದು ಹೋದರೆ ಆ ತೊಂದರೆಯಿಲ್ಲ, ಕಾಲುಗಳಿಗೂ ಅಲ್ಲಿಯ ಚಳಿ ಅಭ್ಯಾಸವಾಗಿರುತ್ತದೆ.

ಧಾರವಾಡ ಪೇಢೆ
ಮಗನ ಮನೆಯಿಂದ ರೋಮಿಗೆ ಹೋದಾಗ ಅಲ್ಲಿ ಮತ್ತೆ ವಲಸೆ ತಪಾಸಣೆಯ ಸಾಲಿನಲ್ಲಿ ಎರಡು ಗಂಟೆ ನಿಲ್ಲಬೇಕಾಗುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಿಲಾನ್ ಮಂಡ್ಯ
ಇದು ಸರಿಯಲ್ಲ. ಷೆಂಗೆನ್ ವಲಯಕ್ಕೆ ಮೊದಲು ಕಾಲಿಡುವ ವಿಮಾನ ನಿಲ್ದಾಣದಲ್ಲಿಯೇ ತಪಾಸಣೆ ಮುಗಿಯುತ್ತದೆ; ಮೇಷ್ಟ್ರಿಗೆ ಅದು ಫ್ರಾಂಕ್‌ಫರ್ಟ್. ಅಲ್ಲಿಂದ ಮುಂದೆ ರೋಮಿಗೆ ಹೋಗುವುದೆಂದರೆ, ಆ ಮಟ್ಟಿಗೆ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋದಂತೆ. ಪಾಸ್‌ಪೋರ್ಟ್ ಮಾತ್ರ ಜೊತೆಯಲ್ಲಿರಬೇಕು. ಒಂದೇ ಪ್ರವೇಶದ ವೀಸಾ ಇದ್ದರೂ ಈ ಪ್ರಯಾಣಕ್ಕೆ ಅಡ್ಡಿಯಿಲ್ಲ. ರೋಮಿನಿಂದ ಊರಿಗೆ ಹೊರಡುವಾಗ ಅಲ್ಲಿ ನಿರ್ಗಮನದ ತಪಾಸಣೆ ಇರುತ್ತದೆ.

ಆದರೆ ಫ್ರಾಂಕ್‌ಫರ್ಟ್‌ನಲ್ಲಿ ತಡವಾಗಬಹುದು ಎಂಬುದು ನಿಜ. 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಬಂದಿದೆ. ಮೊದಲ ಸಲ ಬರುವ ವಿದೇಶೀಯರ ಬೆರಳಚ್ಚು ಮತ್ತು ಮುಖದ ಚಿತ್ರವನ್ನು ಗಡಿಯಲ್ಲಿಯೇ ದಾಖಲಿಸಿಕೊಳ್ಳುತ್ತಾರೆ. ಆದ್ದರಿಂದ ಸ್ಟುಟ್‌ಗಾರ್ಟ್‌ನ ರೈಲಿಗೆ ಮೂರು ಗಂಟೆಯಾದರೂ ಅಂತರ ಇಟ್ಟುಕೊಳ್ಳಿ.

ಕುಡ್ಲದವಳು
ಅಂತರದ ಮಾತು ಬಂದದ್ದಕ್ಕೆ ನಮ್ಮ ಮನೆಯ ಕಥೆಯನ್ನೂ ಹೇಳುತ್ತೇನೆ. ನನ್ನ ಅಣ್ಣ ದುಡ್ಡು ಉಳಿಸಲೆಂದು ಎರಡು ಬೇರೆ ಬೇರೆ ಸಂಸ್ಥೆಗಳ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ತೆಗೆದಿದ್ದ. ಮೊದಲ ವಿಮಾನ ನಾಲ್ಕು ಗಂಟೆ ತಡವಾಯಿತು. ಎರಡನೆಯ ಸಂಸ್ಥೆಯ ಮೇಜಿನಲ್ಲಿದ್ದವರು, ನೀವು ಹೇಗೆ ಬಂದಿರೆಂಬುದು ನಮಗೆ ಸಂಬಂಧಿಸಿದ್ದಲ್ಲ, ನಮ್ಮ ವಿಮಾನಕ್ಕೆ ನೀವು ಬರಲಿಲ್ಲ ಅಷ್ಟೇ ಎಂದರು. ಹೊಸ ಟಿಕೆಟ್ ತೆಗೆದ. ಅತ್ತಿಗೆ ಇವತ್ತಿಗೂ ಅವನಿಗೆ ಆ ಉಳಿತಾಯವನ್ನು ನೆನಪಿಸುತ್ತಾರೆ.

ಲೆಕ್ಕದ ಅಕ್ಕ
ಅದಕ್ಕೇ ಒಂದೇ ಟಿಕೆಟ್ ಎಂದದ್ದು. ಮೇಷ್ಟ್ರಿಗೆ ಸ್ಟುಟ್‌ಗಾರ್ಟ್–ರೋಮ್ ಒಂದೇ ಬೇರೆ ಟಿಕೆಟ್ಟಾಗುತ್ತದೆ. ಅದಕ್ಕೂ ಊರಿನ ವಿಮಾನಕ್ಕೂ ನಡುವೆ ನಾಲ್ಕು ರಾತ್ರಿ ಇರುವುದರಿಂದ ಭಯವಿಲ್ಲ. ಜೊತೆಗೆ, ಯುರೋಪಿನ ವಿಮಾನ ನಿಲ್ದಾಣದಿಂದ ಹೊರಡುವ ಯಾವ ವಿಮಾನವಾದರೂ ಸಂಸ್ಥೆಯದೇ ತಪ್ಪಿನಿಂದ ಮೂರು ಗಂಟೆಗಿಂತ ತಡವಾಗಿ ತಲುಪಿದರೆ, ದೂರಕ್ಕೆ ತಕ್ಕಂತೆ 250ರಿಂದ 600 ಯೂರೊವರೆಗೆ ಪರಿಹಾರ ಕೇಳುವ ಹಕ್ಕಿದೆ. ಅವರಾಗಿ ಕೊಡುವುದಿಲ್ಲ, ನಾವು ಕೇಳಬೇಕು. ಬೋರ್ಡಿಂಗ್ ಪಾಸ್ ಬಿಸಾಡಬೇಡಿ.

ಇಕ್ಕೇರಿ ಮೇಷ್ಟ್ರು
ಮೂರನೆಯ ದಾರಿಯೇ ನನಗೂ ಒಪ್ಪಿಗೆ. ಮಗನೂ ಹೂಂ ಎಂದಿದ್ದಾನೆ. ಶುಕ್ರವಾರ ರಜೆ ಸಿಕ್ಕಿದರೆ ಜೊತೆಯಲ್ಲಿಯೇ ಬರುತ್ತೇನೆ ಎಂದೂ ಹೇಳಿದ. ಅವನು ರಜೆಯ ಬಗ್ಗೆ ಹೀಗೆ ಹೇಳುತ್ತಿರುವುದು ಮೊದಲ ಸಲವಲ್ಲವಾದ್ದರಿಂದ, ಬರುವುದಿಲ್ಲವೆಂದೇ ಇಟ್ಟುಕೊಂಡು ದಿನಗಳ ಲೆಕ್ಕ ಹಾಕೋಣ. ನವೆಂಬರ್ 1 ಭಾನುವಾರ. ನಮಗೆ ರಾಜ್ಯೋತ್ಸವ. ಅಲ್ಲಿ ಏನು?

ಮಿಲಾನ್ ಮಂಡ್ಯ
ಅಲ್ಲಿ ಸಕಲ ಸಂತರ ಹಬ್ಬ, ಸರ್ಕಾರಿ ರಜೆ. ಮೇಲಾಗಿ ಅದು ತಿಂಗಳ ಮೊದಲ ಭಾನುವಾರವೂ ಹೌದು. ಆ ದಿನ ಸರ್ಕಾರಿ ವಸ್ತುಸಂಗ್ರಹಾಲಯಗಳಿಗೂ ಕೊಲೋಸಿಯಮ್ ಎಂಬ ಪುರಾತನ ಕ್ರೀಡಾರಂಗಕ್ಕೂ ಪ್ರವೇಶ ಉಚಿತ.

ಧಾರವಾಡ ಪೇಢೆ
ಹಾಗಾದರೆ ಕೊಲೋಸಿಯಮ್ಮನ್ನು ಭಾನುವಾರವೇ ನೋಡಲಿ. ಇಬ್ಬರಿಗೆ 36 ಯೂರೊ ಉಳಿತಾಯವಾಗುತ್ತದೆ.

ಮಿಲಾನ್ ಮಂಡ್ಯ
ಬೇಡವೇ ಬೇಡ. ಉಚಿತ ಭಾನುವಾರ ಮುಂಗಡ ಕಾಯ್ದಿರಿಸುವಿಕೆ ಇರುವುದಿಲ್ಲ, ಅಲ್ಲಿಗೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ವೈಕುಂಠ ಏಕಾದಶಿಯ ದಿನ ದೇವಸ್ಥಾನದ ಮುಂದೆ ಇರುವಂಥ ಸಾಲು. 18 ಯೂರೊ ಕೊಟ್ಟು ಶುಕ್ರವಾರದ ಟಿಕೆಟ್ ತೆಗೆಯಿರಿ. ಪ್ರವೇಶದ ದಿನಕ್ಕಿಂತ ಮೂವತ್ತು ದಿನ ಮುಂಚೆ ಮಾರಾಟ ಆರಂಭವಾಗುತ್ತದೆ. ಟಿಕೆಟ್ ಮೇಲೆ ಹೆಸರು ಮುದ್ರಿತವಾಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ನಮೂದಿಸಬೇಕು. ನಮ್ಮವರು ಎಡವುವುದು ಇಲ್ಲಿಯೇ: ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ.

ಆ ಟಿಕೆಟ್ ಇಪ್ಪತ್ತನಾಲ್ಕು ಗಂಟೆ ನಡೆಯುತ್ತದೆ, ಅದರಲ್ಲಿಯೇ ರೋಮನ್ ಫೋರಂ ಎಂಬ ಪ್ರಾಚೀನ ನಗರಚೌಕದ ಅವಶೇಷಗಳೂ ಪಕ್ಕದ ಪ್ಯಾಲಟೈನ್ ಗುಡ್ಡವೂ ಸೇರಿವೆ. ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ನಡೆದರೆ ಅಮ್ಮನವರ ಮಂಡಿ ಕೈಕೊಡುತ್ತದೆ. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕೊಲೋಸಿಯಮ್, ಶನಿವಾರ ಬೆಳಿಗ್ಗೆ ಫೋರಂ ಎಂದು ಒಡೆದುಕೊಳ್ಳಿ. ಮಧ್ಯಾಹ್ನ ಇನ್ನೂ ತಡಮಾಡುವುದು ಬೇಡ. ಅಕ್ಟೋಬರ್ ಕೊನೆಯ ಭಾನುವಾರ, ಅಂದರೆ 25ರಂದು, ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಐದು ಗಂಟೆಗೆಲ್ಲ ಕತ್ತಲಾಗುತ್ತದೆ ಮತ್ತು ಕೊಲೋಸಿಯಮ್ಮಿನ ಕೊನೆಯ ಪ್ರವೇಶ ಮೂರೂವರೆಗೆ. ಊರಿಗೆ ಫೋನ್ ಮಾಡುವಾಗಲೂ ನೆನಪಿರಲಿ, ಅಂತರ ಮೂರೂವರೆ ಗಂಟೆ ಇದ್ದದ್ದು ನಾಲ್ಕೂವರೆ ಆಗಿರುತ್ತದೆ.

ಕುಡ್ಲದವಳು
ವ್ಯಾಟಿಕನ್ ಭಾನುವಾರ ಇಟ್ಟುಕೊಳ್ಳಬಹುದೇ?

ಮಿಲಾನ್ ಮಂಡ್ಯ
ವ್ಯಾಟಿಕನ್ ವಸ್ತುಸಂಗ್ರಹಾಲಯ ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಗಿನ ಹೊತ್ತು ತೆರೆಯುತ್ತಾರೆ. ಮೈಕೆಲೇಂಜೆಲೊ ಚಿತ್ರಿಸಿದ ಸಿಸ್ಟೀನ್ ಪ್ರಾರ್ಥನಾಮಂದಿರದ ಚಾವಣಿ ಇರುವುದು ಅದರೊಳಗೇ. ಆದ್ದರಿಂದ ಅದನ್ನು ಸೋಮವಾರ ಬೆಳಿಗ್ಗೆ ಮೊದಲ ಸರದಿಗೆ ಕಾಯ್ದಿರಿಸಿ, ಪೆಟ್ಟಿಗೆಗಳನ್ನು ಹೋಟೆಲಿನಲ್ಲಿ ಬಿಟ್ಟು, ರಾತ್ರಿಯ ವಿಮಾನಕ್ಕೆ ಹೋಗಬಹುದು. ಸಂತ ಪೀಟರನ ಮಹಾಚರ್ಚಿಗೆ ಪ್ರವೇಶ ಉಚಿತ. ಗುಮ್ಮಟ ಹತ್ತುವ ಆಸೆ ಬೇಡ. 551 ಮೆಟ್ಟಿಲುಗಳಿವೆ, ಲಿಫ್ಟ್ ಹಿಡಿದರೂ 320 ಹತ್ತಲೇಬೇಕು.

ಇಕ್ಕೇರಿ ಮೇಷ್ಟ್ರು
ಮೆಟ್ಟಿಲಿನ ಮಾತು ಬಂತು. ನನಗೆ ಮುಖ್ಯವಾಗಿ ಬೇಕಾದ ಆ ಅರಾಚೇಲಿ ಚರ್ಚಿಗೆ 124 ಮೆಟ್ಟಿಲುಗಳಿವೆ ಎಂದು ಓದಿದ್ದೇನೆ. ಶ್ರವಣಬೆಳಗೊಳದಲ್ಲಿ ಇವಳು ಅರ್ಧದಲ್ಲಿಯೇ ಕುಳಿತಿದ್ದಳು.

ಮಿಲಾನ್ ಮಂಡ್ಯ
124 ಎಂಬುದು ನಿಜ. 1348ರಲ್ಲಿ ಪ್ಲೇಗ್ ಮಾರಿ ಕಳೆಯಿತೆಂಬ ಕೃತಜ್ಞತೆಗೆ ಕಟ್ಟಿದ ಅಮೃತಶಿಲೆಯ ಮೆಟ್ಟಿಲುಗಳು ಅವು, ಬಲು ಕಡಿದು. ಆದರೆ ಅಲ್ಲಿಂದ ಹತ್ತಬೇಕಾಗಿಲ್ಲ. ಪಕ್ಕದಲ್ಲಿಯೇ ಮೈಕೆಲೇಂಜೆಲೊ ರೂಪಿಸಿದ ಇಳಿಜಾರು ದಾರಿಯೊಂದಿದೆ, ಕುದುರೆ ಸವಾರರೂ ಏರಬಹುದಾದಷ್ಟು ಮಂದವಾದದ್ದು. ಅದರಲ್ಲಿ ನಿಧಾನವಾಗಿ ಏರಿದರೆ ಕಾಂಪಿದೊಲ್ಯೊ ಎಂಬ ಚೌಕ ಸಿಗುತ್ತದೆ. ಚೌಕದ ಎಡಬದಿಯ ಕಟ್ಟಡದ ಹಿಂದಿನಿಂದ ಕೆಲವೇ ಮೆಟ್ಟಿಲು ಹತ್ತಿದರೆ ಚರ್ಚಿನ ಪಕ್ಕದ ಬಾಗಿಲು. ಶನಿವಾರ ಫೋರಂ ನೋಡಿದ ಮೇಲೆ ಅದೇ ಗುಡ್ಡದ ಬುಡದಲ್ಲಿ ಇರುತ್ತೀರಿ. ರೋಮಿನ ಹಲವು ಚರ್ಚುಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ಊಟಕ್ಕೆ ಮುಂಚೆಯೇ ಅಲ್ಲಿಗೆ ಹೋಗಿಬಿಡಿ.

ದುರ್ಗದ ಕಲ್ಲು
ಮೇಷ್ಟ್ರೇ, ಆತನ ಹೆಂಡತಿಯ ಕಥೆಯನ್ನು ಹೇಳದೇ ಬಿಟ್ಟಿರಿ.

ಇಕ್ಕೇರಿ ಮೇಷ್ಟ್ರು
ಹೌದು, ಹೇಳಬೇಕಿತ್ತು. ಬಾಗ್ದಾದಿನಲ್ಲಿ ಮಾನಿ ಎಂಬ ಕ್ರೈಸ್ತ ಹೆಣ್ಣುಮಗಳನ್ನು ಆತ ಮದುವೆಯಾಗಿದ್ದ. 1621ರ ಕೊನೆಯಲ್ಲಿ ಪರ್ಷಿಯಾದ ಕರಾವಳಿಯ ಬಳಿ ಆಕೆ ತೀರಿಕೊಂಡಳು. ಶವವನ್ನು ಕೆಡದಂತೆ ಸಿದ್ಧಗೊಳಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, ಕೊನೆಗೆ ರೋಮಿಗೆ ಒಯ್ದು ಅರಾಚೇಲಿಯಲ್ಲಿರುವ ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ. ಅಂದರೆ ನಮ್ಮ ಸೀಮೆಯ ಹುಡುಗರು ಮರಳಿನ ಮೇಲೆ ಬರೆಯುವುದನ್ನು ನೋಡುತ್ತ ಕುಳಿತಿದ್ದ ಮನುಷ್ಯ, ಹೆಂಡತಿಯನ್ನು ಇನ್ನೂ ಮಣ್ಣು ಮಾಡಿರದವನು. ಇದನ್ನು ನಿನ್ನೆ ನನ್ನವಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನಾನೂ ಹತ್ತುತ್ತೇನೆ’ ಎಂದಳು.

ಕುಡ್ಲದವಳು
ಅಮ್ಮನವರಿಗೆ ಒಳ್ಳೆಯ ಬೂಟು ಕೊಡಿಸಿ, ಮಾಸ್ಟ್ರೇ. ರೋಮಿನ ಬೀದಿಗಳಿಗೆ ಹಾಸಿರುವುದು ಚೌಕಾಕಾರದ ಕರಿಕಲ್ಲು. ನೋಡಲು ಚೆಂದ, ನಡೆಯಲು ಶಿಕ್ಷೆ, ಮಳೆ ಬಂದರೆ ಜಾರುತ್ತದೆ. ಬೂಟುಗಳನ್ನು ಊರಿನಲ್ಲಿಯೇ ಒಂದು ತಿಂಗಳು ಹಾಕಿಕೊಂಡು ಅಭ್ಯಾಸ ಮಾಡಿಕೊಳ್ಳಲಿ. ಸ್ಪ್ಯಾನಿಷ್ ಮೆಟ್ಟಿಲುಗಳು ಎಂಬ ಜಾಗದಲ್ಲಿ ಆಯಾಸವಾಯಿತೆಂದು ಕುಳಿತುಕೊಳ್ಳಬೇಡಿ, 2019ರಿಂದ ಅಲ್ಲಿ ಕುಳಿತರೆ ದಂಡ.

ಬಸವನಗುಡಿ ಬೀದಿ
ಮೆಟ್ಟಿಲ ಮೇಲೆ ಕುಳಿತರೆ ದಂಡವೇ! ಹಾಗಾದರೆ ನಮ್ಮ ಊರಿನ ಪುರಸಭೆಗಳು ಜಗಲಿಕಟ್ಟೆಗಳಿಂದಲೇ ಉದ್ಧಾರವಾಗಬಹುದು.

ಹಸಿಮೆಣಸು
ಊಟದ ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ಅಂಗಡಿಯಲ್ಲಿ ಸಿಗುವ ಒಣ ಪಾಸ್ತಾವನ್ನು ಗೋಧಿ ಮತ್ತು ನೀರಿನಿಂದ ಮಾಡುತ್ತಾರೆ. ಹಸಿ ಪಾಸ್ತಾಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ, ಸೆನ್ಸಾ ಉಓವಾ’ ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದ್ದು ಎಂದರ್ಥ. ಚೀಟಿಯಲ್ಲಿ ಬರೆದುಕೊಂಡು ತೋರಿಸಿ. ‘ಮರಿನಾರಾ’ ಎಂಬ ಪಿಜ್ಜಾಕ್ಕೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ ಇರುತ್ತದೆ. ತರಕಾರಿ ಸೂಪ್ ಎಂದು ಕುಡಿದುಬಿಡಬೇಡಿ. ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, ಕೇಳಿಕೊಳ್ಳಿ. ಯಹೂದಿಗಳ ಹಳೆಯ ಕೇರಿಯಲ್ಲಿ ಇಡಿಯಾಗಿ ಎಣ್ಣೆಯಲ್ಲಿ ಕರಿದ ಆರ್ಟಿಚೋಕ್ ಎಂಬ ಮೊಗ್ಗು ಸಿಗುತ್ತದೆ, ಎಸಳುಗಳು ಸಂಡಿಗೆಯ ಹಾಗೆ ಗರಿಗರಿ.

ಒಂದು ಮಾತು ಹೇಳದೆ ಇರಲಾರೆ. ರೋಮಿನ ಪ್ರಸಿದ್ಧ ಪೆಕೊರಿನೊ ಚೀಸ್ ಮಾಡುವಾಗ ಹಾಲನ್ನು ಒಡೆಯಲು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಪಾರ್ಮಿಜಾನೊಗೆ ಕರುವಿನದು.

ಧಾರವಾಡ ಪೇಢೆ
ಇದನ್ನು ಹೇಳುವ ಅಗತ್ಯವೇನಿತ್ತು? ನಾನು ಇಪ್ಪತ್ತು ವರ್ಷಗಳಿಂದ ಸಸ್ಯಾಹಾರಿಯೆಂದುಕೊಂಡು ನೆಮ್ಮದಿಯಾಗಿ ತಿನ್ನುತ್ತಿದ್ದೆ.

ಹಸಿಮೆಣಸು
ತಿಳಿದು ತಿನ್ನುವುದೋ ಬಿಡುವುದೋ ಅವರವರ ಇಷ್ಟ. ಮೊಟ್ಟೆಯನ್ನೂ ತಿನ್ನದವರಿಗೆ ಹೇಳದೆ ಮುಚ್ಚಿಡುವುದು ನನಗೆ ಸರಿಕಾಣಲಿಲ್ಲ.

ಇಕ್ಕೇರಿ ಮೇಷ್ಟ್ರು
ಹೇಳಿದ್ದು ಒಳ್ಳೆಯದಾಯಿತು. ಅಡುಗೆಮನೆ ಇರುವ ಕೊಠಡಿಯನ್ನೇ ಹುಡುಕುತ್ತೇವೆ. ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಇದ್ದರೆ ನಾಲ್ಕು ದಿನ ಕಳೆಯುವುದು ಕಷ್ಟವಲ್ಲ.

ಮಿಲಾನ್ ಮಂಡ್ಯ
ಹಾಗಾದರೆ ತೆರ್ಮಿನಿ ರೈಲು ನಿಲ್ದಾಣದ ಹತ್ತಿರದ ಎಸ್ಕ್ವಿಲಿನೊ ಬಡಾವಣೆ ಅನುಕೂಲ. ಅಲ್ಲಿಯ ಸಂತೆ ಕಟ್ಟಡದಲ್ಲಿ ಬಂಗಾಳಿಗಳ ಅಂಗಡಿಗಳಿವೆ. ಬೆಂಡೆಕಾಯಿ, ಹಸಿಮೆಣಸು, ಬೇಳೆ ಸಿಗುತ್ತವೆ. ಫ್ಯೂಮಿಚಿನೊ ವಿಮಾನ ನಿಲ್ದಾಣದಿಂದ ತೆರ್ಮಿನಿಗೆ ನೇರ ರೈಲು 32 ನಿಮಿಷ, ತಲೆಗೆ 14 ಯೂರೊ. ಪೆಟ್ಟಿಗೆಗಳಿರುವುದರಿಂದ ಟ್ಯಾಕ್ಸಿಯೇ ಬೇಕೆಂದರೆ, ಹಳೆಯ ಕೋಟೆಗೋಡೆಯ ಒಳಗಿನ ನಗರಕ್ಕೆ ನಿಗದಿತ ದರ 55 ಯೂರೊ. ಬಿಳಿ ಬಣ್ಣದ ಅಧಿಕೃತ ಟ್ಯಾಕ್ಸಿಯನ್ನೇ ಹತ್ತಿ, ಹತ್ತುವ ಮುಂಚೆ ಆ ದರವನ್ನು ಬಾಯಿಬಿಟ್ಟು ಹೇಳಿ. ಕೊಠಡಿಯ ಬಾಡಿಗೆಯ ಮೇಲೆ ನಗರದ ಪ್ರವಾಸಿ ತೆರಿಗೆ ಬೇರೆ ಇದೆ. ಮೂರು ನಕ್ಷತ್ರದ ಹೋಟೆಲಾದರೆ ತಲೆಗೆ ರಾತ್ರಿಗೆ 6 ಯೂರೊ. ತೆರ್ಮಿನಿಯಿಂದ ವ್ಯಾಟಿಕನ್‌ಗೆ ಹೋಗುವ 64ನೆಯ ನಂಬರಿನ ಬಸ್ಸು ಕಿಸೆಗಳ್ಳರಿಗೆ ಹೆಸರಾದದ್ದು. ಪಾಸ್‌ಪೋರ್ಟನ್ನು ಒಳಜೇಬಿನಲ್ಲಿಡಿ. ಇನ್ನು ‘ಶೋಪೆರೊ’ ಎಂಬ ಪದವನ್ನು ಕಲಿತುಕೊಳ್ಳಿ, ಮುಷ್ಕರ ಎಂದರ್ಥ. ಇಲ್ಲಿ ಅದು ಶುಕ್ರವಾರವನ್ನು ನೋಡಿಕೊಂಡೇ ಬರುತ್ತದೆ. ಮುಂಚೆಯೇ ಪ್ರಕಟಿಸುತ್ತಾರೆ ಎಂಬುದೊಂದೇ ಸಮಾಧಾನ.

ರಾತ್ರಿರೈಲು
ನೀರಿಗೆ ದುಡ್ಡು ಕೊಡಬೇಡಿ. ರೋಮಿನ ಬೀದಿಗಳಲ್ಲಿ ‘ನಾಸೋನಿ’ ಎಂಬ ಎರಕದ ಕಬ್ಬಿಣದ ಕಂಬಗಳಿವೆ, ದೊಡ್ಡ ಮೂಗು ಎಂದರ್ಥ. ಬಾಗಿದ ನಳಿಕೆಯಿಂದ ಹಗಲೂ ರಾತ್ರಿ ತಣ್ಣನೆಯ ಕುಡಿಯುವ ನೀರು ಸುರಿಯುತ್ತಲೇ ಇರುತ್ತದೆ. ಬಗ್ಗಿ ಕುಡಿಯಬೇಕಾಗಿಯೂ ಇಲ್ಲ. ನಳಿಕೆಯ ತುದಿಯನ್ನು ಬೆರಳಿನಿಂದ ಒತ್ತಿ ಮುಚ್ಚಿದರೆ, ಮೇಲಿರುವ ಸಣ್ಣ ತೂತಿನಿಂದ ನೀರು ಕಮಾನಿನಂತೆ ಚಿಮ್ಮಿ ಬಾಯಿಗೇ ಬರುತ್ತದೆ. ಮೊದಲ ಸಲ ಮಾಡುವವರಿಗೆ ಮೂಗಿಗೆ ಹೊಡೆಯುತ್ತದೆ.

ಲೆಕ್ಕದ ಅಕ್ಕ
ಭಾನುವಾರಕ್ಕೆ ಪ್ಯಾಂಥಿಯಾನ್ ಎಂಬ ಪ್ರಾಚೀನ ದೇವಾಲಯ ಇಟ್ಟುಕೊಳ್ಳಿ. 2023ರ ಜುಲೈನಲ್ಲಿ 5 ಯೂರೊ ಟಿಕೆಟ್ ಮಾಡಿದರು, ಆದರೆ ತಿಂಗಳ ಮೊದಲ ಭಾನುವಾರ ಅಲ್ಲಿಯೂ ಉಚಿತ. ಸುಮಾರು ಸಾವಿರದ ಒಂಬೈನೂರು ವರ್ಷದ ಕಟ್ಟಡ, ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟ, ಒಳ ಅಡ್ಡಳತೆ 43 ಮೀಟರಿಗೂ ಹೆಚ್ಚು. ನೆತ್ತಿಯ ಮೇಲೆ ದೊಡ್ಡ ತೆರಪಿದೆ. ನಾವು ಹೋದ ದಿನ ಮಳೆ. ಒಳಗೆ ಅಷ್ಟಗಲಕ್ಕೆ ಮಾತ್ರ ಮಳೆ ಬೀಳುತ್ತಿತ್ತು, ನೆಲದಲ್ಲಿರುವ ಸಣ್ಣ ಸಣ್ಣ ರಂಧ್ರಗಳಿಂದ ನೀರು ಇಳಿದುಹೋಗುತ್ತಿತ್ತು. ನಮ್ಮ ತೊಟ್ಟಿಮನೆಯಲ್ಲಿ ಕುಳಿತಂತಾಯಿತು ನನಗೆ.

ಇಕ್ಕೇರಿ ಮೇಷ್ಟ್ರು
ಎಲ್ಲರಿಗೂ ವಂದನೆ. ಇನ್ನೊಂದೇ ಪ್ರಶ್ನೆ ಉಳಿದಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಅಂಗಳದಿಂದ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಹೋಗಿ ಆ ಸಮಾಧಿಯ ಬಳಿ ಇಡಬೇಕೆಂದಿದ್ದೆ. ಅದಕ್ಕೆ ಅಭ್ಯಂತರ ಇರಬಹುದೇ?

ಮಿಲಾನ್ ಮಂಡ್ಯ
ದಯವಿಟ್ಟು ಬೇಡ, ಮೇಷ್ಟ್ರೇ. ಭಾರತದಂಥ ಹೊರದೇಶಗಳ ಮಣ್ಣನ್ನು ಯುರೋಪಿಗೆ ತರುವುದು ನಿಷಿದ್ಧ. ಗಿಡಗಳ ರೋಗ ಹರಡುತ್ತದೆಂಬ ಕಾರಣ. ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ತರುವಂತಿಲ್ಲ. ಮಗನಿಗೆಂದು ತುಪ್ಪ ಕಟ್ಟಿಕೊಳ್ಳುತ್ತಿದ್ದರೆ ಅದನ್ನೂ ಬಿಟ್ಟುಬಿಡಿ.

ಧಾರವಾಡ ಪೇಢೆ
ನಾನು ಎಷ್ಟೋ ಸಲ ಪೇಢೆ ಒಯ್ದಿದ್ದೇನೆ. ಯಾರೂ ಏನೂ ಕೇಳಿಲ್ಲ.

ಮಿಲಾನ್ ಮಂಡ್ಯ
ಕೇಳಿಲ್ಲವೆಂದರೆ ನಿಷೇಧವಿಲ್ಲವೆಂದಲ್ಲ. ಕೇಳಿದ ದಿನ ಪೇಢೆಯೂ ಹೋಗುತ್ತದೆ, ದಂಡವೂ ಬೀಳುತ್ತದೆ.

ಇಕ್ಕೇರಿ ಮೇಷ್ಟ್ರು
ಮಣ್ಣಿನ ಯೋಚನೆಯನ್ನು ಕೈಬಿಟ್ಟೆ. ತುಪ್ಪದ ವಿಷಯವನ್ನು ಮನೆಯಲ್ಲಿ ತಿಳಿಸಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ. ಟಿಕೆಟ್ ಆಗಿದೆ: ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ, ರೋಮಿನಿಂದ ಬೆಂಗಳೂರಿಗೆ, ಒಂದೇ ಟಿಕೆಟ್ಟಿನಲ್ಲಿ. ಸಮಾಧಿಗೆ ಏನನ್ನು ಒಯ್ಯುವುದೆಂದು ಕೇಳಿದ್ದಕ್ಕೆ ನನ್ನವಳೇ ದಾರಿ ತೋರಿಸಿದಳು. ಆ ಹುಡುಗರು ಹೇಳುತ್ತಿದ್ದದ್ದನ್ನೇ ನೀವೂ ಹೇಳಿ ಬನ್ನಿ ಎಂದಳು. ಒಂದೊಂದಲ ಒಂದರಿಂದ ಮಗ್ಗಿ ಹೇಳಿದರೆ ಚರ್ಚಿನವರು ಆಕ್ಷೇಪಿಸುವರೇ?

ಮಿಲಾನ್ ಮಂಡ್ಯ
ಪೂಜೆ ನಡೆಯುತ್ತಿಲ್ಲದಿದ್ದರೆ, ಮೆಲುದನಿಯಲ್ಲಿ ಹೇಳಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಹತ್ತರ ಮಗ್ಗಿಗೆ ನಿಲ್ಲಿಸಿ, ಮೇಷ್ಟ್ರೇ. ಇಪ್ಪತ್ತರವರೆಗೆ ಹೋದರೆ ಮಧ್ಯಾಹ್ನ ಬಾಗಿಲು ಹಾಕಿಕೊಂಡುಬಿಡುತ್ತಾರೆ.